ನಮಗಿಂತ ಮೊದಲೇ ಮನೆ ಸೇರುತ್ತಿದ್ದ ಕುರ್ಚಿ

ಬಡತನ ನೋಡುವುದಕ್ಕೆ ವಿಮಾನ ಹತ್ತಿ ಬರುವವರೂ ಇದ್ದಾರೆ ಎಂದರೆ ನಮ್ಮವ್ವ ನಂಬಲೇ ಇಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೆ. ಹೊಸಕೋಟೆಯ ಮನೆಯಲ್ಲಿ ರೊಟ್ಟಿ ತಟ್ಟುತ್ತಾ, "ಅಲ್ಲ ಕಣೇ ಗಿರಿಜಾ, ಅದನ್ನ ನೋಡಕ್ಕೆ ಅಷ್ಟು ದೂರದಿಂದ ಬರ್ಬೇಕಾ? ಅವರೂರಲ್ಲಿ ಇಲ್ವಂತಾ?" ಎಂದು ಕೇಳಿದ್ದಳು. ಇದೆಯಂತೆ ಅವ್ವ, ಆದರೆ ಅಲ್ಲಿ ಗುರುತಿಲ್ಲದವರು ಬಾಗಿಲು ತಟ್ಟಿದರೆ ಒಳಗೆ ಕರೆಯುವುದಿಲ್ಲವಂತೆ ಎಂದೆ. ಅವ್ವನಿಗೆ ಅದು ಬಡತನಕ್ಕಿಂತ ದೊಡ್ಡ ಕಷ್ಟವಾಗಿ ಕಂಡಿತು. "ಅಯ್ಯೋ ಪಾಪ, ಹಂಗಾರೆ ಒಂದಿನ ಇಲ್ಲಿಗೇ ಕರ್ಕಂಡ್ ಬಾ, ಊಟ ಹಾಕಣ" ಅಂದಳು.

ಮೊನ್ನೆ ನಮ್ಮ ಕೇಂದ್ರಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದು, ಫೀಲ್ಡಿಗೆ ಹೋದರೆ ಏನು ಮಾಡಬೇಕು, ಏನು ಮಾಡಬಾರದು ಹೇಳಿ ಅಕ್ಕ ಎಂದು ಕೂತರು. ಬಾಯಲ್ಲಿ ಹೇಳಿದ್ದು ಅವರ ಫೋನು ಒಮ್ಮೆ ರಿಂಗಾದರೆ ಮರೆತುಹೋಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಸೀನಿಯರ್ ಆಗಿದ್ದು ಯಾವಾಗ, ಶಾಲು ಹೊದಿಸಿದವರು ಯಾರು ಎಂಬುದೆಲ್ಲ ಇದರಲ್ಲಿಲ್ಲ. ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ.

ಕೇಂದ್ರ ಎಂದರೆ ಆನೇಮಹಲ್ ಹತ್ತಿರ ಬಾಡಿಗೆಗೆ ಹಿಡಿದ ಒಂದು ಹಳೆಯ ಎಸ್ಟೇಟ್ ಬಂಗಲೆ. ಹೊರದೇಶದ ಕಾಲೇಜುಗಳಿಂದ ಹುಡುಗ ಹುಡುಗಿಯರು ಪ್ರತಿ ಚಳಿಗಾಲ, ಕಾಫಿ ಕೊಯ್ಲಿನ ಹೊತ್ತಿಗೆ ಅಲ್ಲಿಗೆ ಬಂದಿಳಿಯುತ್ತಿದ್ದರು. ಬಡತನ ಮತ್ತು ಅಭಿವೃದ್ಧಿ ಅವರ ಓದಿನ ವಿಷಯ. ಸಕಲೇಶಪುರ, ಆಲೂರು ಸುತ್ತಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳಬೇಕು, ಕೊನೆಗೆ ವರದಿ ಬರೆಯಬೇಕು. ಅವರ ಇಂಗ್ಲಿಷನ್ನು ಊರವರಿಗೆ, ಊರವರ ಕನ್ನಡವನ್ನು ಅವರಿಗೆ ತಿಳಿಸಿ ಹೇಳುವವಳು ನಾನು. ಹುದ್ದೆಯ ಹೆಸರು ಫೀಲ್ಡ್ ಕೋಆರ್ಡಿನೇಟರ್. ನಾಯಿ ಓಡಿಸುವುದು, ಕಕ್ಕಸು ಎಲ್ಲಿದೆ ಎಂದು ವಿಚಾರಿಸುವುದು, ಇನ್ನೊಂದು ಕಡುಬು ಬಡಿಸಲು ಬಂದವರಿಗೆ ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕು" ಎನ್ನುವುದನ್ನು ಕಲಿಸುವುದು ಎಲ್ಲವೂ ಅದರಲ್ಲಿ ಸೇರಿತ್ತು.

ಮೊದಲನೇ ವರ್ಷದ ಒಂದು ಪ್ರಸಂಗ ಹೇಳುತ್ತೇನೆ. ಉದ್ದಕ್ಕೆ ತೊಲೆಯಂತಿದ್ದ ಒಬ್ಬ ಹುಡುಗ, ಸುತ್ತಿಬಳಸಿ ಮಾತಾಡುವುದು ಅವನ ಜಾಯಮಾನವೇ ಅಲ್ಲ. ಮೊದಲ ಮನೆಯಲ್ಲೇ "ನೀವು ಬಡವರಾ ಎಂದು ಕೇಳಿ" ಅಂದ. ನನಗೂ ಆಗ ಬುದ್ಧಿ ಸಾಲದು, ಹಾಗೇ ಕೇಳಿದೆ. ಮನೆಯಾಕೆ ಸೆರಗು ಸರಿಮಾಡಿಕೊಂಡು, "ನಾವ್ಯಾಕ್ರೀ ಬಡವ್ರಾಗ್ತೀವಿ? ದೇವ್ರು ಮಡಗಿದಂಗೆ ಇದ್ದೀವಿ. ಪಾಪ, ಆ ಪಕ್ಕದ ಮನೇವ್ರಿಗೆ ಕಷ್ಟ ನೋಡಿ" ಎಂದಳು. ಪಕ್ಕದ ಮನೆಯವರು ಅದರಾಚೆಯ ಮನೆ ತೋರಿಸಿದರು. ಹೀಗೇ ಕೈ ತೋರಿಸಿದ ಕಡೆಯೆಲ್ಲ ಹೋಗಿ ಸಂಜೆಯ ಹೊತ್ತಿಗೆ ಕೊನೆಯ ಮನೆ ಮುಟ್ಟಿದೆವು. ಅವರು ಮೊದಲನೇ ಮನೆಯನ್ನು ತೋರಿಸಿದರು! ಹುಡುಗ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕೂತುಬಿಟ್ಟ. ಅವನನ್ನು ನೋಡಿ ಮರುಗಿದ ಮೊದಲನೇ ಮನೆಯಾಕೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು.

ಆಮೇಲೆ ವಿಧಾನ ಬದಲಾಯಿತು. ಪ್ರಶ್ನೆ ಕೇಳುವುದು ಬೇಡ, ಊರವರೇ ನೆಲದ ಮೇಲೆ ತಮ್ಮ ಊರಿನ ನಕ್ಷೆ ಬರೆಯಲಿ, ಉಳ್ಳವರ ಮನೆ ಯಾವುದು, ಇಲ್ಲದವರ ಮನೆ ಯಾವುದು ಗುರುತು ಹಾಕಲಿ ಎಂದಾಯಿತು. ಹೆಂಗಸರ ಕೈಗೆ ರಂಗೋಲಿ ಪುಡಿ ಕೊಟ್ಟೆವು. ಕೊಟ್ಟ ಮೇಲೆ ಕೇಳಬೇಕೆ? ಬಾವಿಯ ಸುತ್ತ ಬಳ್ಳಿ ಬಂತು, ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮೇಲೆ ಎಂಟು ದಳದ ಕಮಲ ಅರಳಿತು. ಇದರಲ್ಲಿ ಬಡವರ ಮನೆ ಯಾವುದು ಎಂದು ವಿದ್ಯಾರ್ಥಿಗಳು ಕೇಳಿದರೆ, "ಇರಿ ತಾಯಿ, ಬಣ್ಣ ತುಂಬದು ಮುಗೀಲಿ" ಎಂದರು.

ಅದಾದ ಮೇಲೆ ಟ್ಯಾಬು ಬಂತು. ಬಡತನದ ಮಾತೇ ಎತ್ತಬೇಕಾಗಿಲ್ಲ. ಮನೆಯೊಳಗೆ ಹೋಗಿ ಕೂರುವುದು, ಕುಶಲ ಮಾತಾಡುವುದು, ಕಣ್ಣಿಗೆ ಕಂಡದ್ದಕ್ಕೆ ಬೆರಳು ಒತ್ತುವುದು. ಕುರ್ಚಿ ಇದೆಯೆ, ಗಡಿಯಾರ ಇದೆಯೆ, ಪಿಂಗಾಣಿ ಕಪ್ಪು ಇದೆಯೆ. ಎಲ್ಲ ಒತ್ತಿದ ಮೇಲೆ ಈ ಮನೆ ಎಷ್ಟು ಬಡವರದ್ದು ಎಂದು ಟ್ಯಾಬೇ ಲೆಕ್ಕ ಹಾಕಿ ಹೇಳುತ್ತಿತ್ತು. ನಮ್ಮ ಡೈರೆಕ್ಟರ್ ಸರ್‌ಗೆ ಇದು ಬಹಳ ಹಿಡಿಸಿತು. ಅವರು ಒಳ್ಳೆಯ ಮನುಷ್ಯ, ಯಾರನ್ನೂ ಏರುದನಿಯಲ್ಲಿ ಮಾತಾಡಿಸಿದವರಲ್ಲ, ಆದರೆ ಡೇಟಾ ಎಂಬ ದೇವರಿಗೆ ನಡೆದುಕೊಂಡವರು. "ಗಿರಿಜಾ, ನೀವು ಪೈಪ್ ಇದ್ದ ಹಾಗೆ. ಆ ಕಡೆ ಹಾಕಿದ್ದು ಈ ಕಡೆ ಹಾಗೇ ಬರಬೇಕು" ಎಂದು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ, ಹೊರಗೆ ಬಂದು ನನಗೆ ಸರಿ ಕಂಡಂತೆ ಮಾಡುತ್ತಿದ್ದೆ. ಬಾಣಂತಿಯ ಮನೆಯಲ್ಲಿ ಕೂತು "ನಿಮ್ಮ ಮಕ್ಕಳಲ್ಲಿ ಎಷ್ಟು ತೀರಿಕೊಂಡವು" ಎಂದು ಕೇಳು ಅಂದರೆ ಕೇಳುವುದಕ್ಕಾಗುತ್ತದೆಯೆ? "ಮಕ್ಕಳೆಲ್ಲ ಹುಷಾರಾಗಿದಾರಾ?" ಎಂದು ಶುರುಮಾಡುತ್ತಿದ್ದೆ. ಹೇಳುವುದನ್ನೆಲ್ಲ ಅವರೇ ಹೇಳುತ್ತಿದ್ದರು. ಇದನ್ನು ನೀವೂ ಕಲಿಯಬೇಕು, ಸರ್‌ಗೆ ಗೊತ್ತಾಗದ ಹಾಗೆ.

ಇನ್ನು ಹೊಸಗದ್ದೆಯ ವಿಷಯ. ಇಷ್ಟು ಹೊತ್ತು ಬರೆದದ್ದು ಇದಕ್ಕೆ ಪೀಠಿಕೆ ಎಂದರೂ ನಡೆಯುತ್ತದೆ.

ಬಿಸಿಲೆ ಘಾಟಿ ಕಡೆಗೆ ಹೋಗುವ ರಸ್ತೆಯಿಂದ ಒಳಗೆ, ಒಂದು ಎಸ್ಟೇಟನ್ನು ಪೂರ್ತಿ ದಾಟಿ ಹೋದರೆ ಸಿಗುವ ಪುಟ್ಟ ಊರು ಅದು. ಎಲ್ಲರಿಗೂ ಚೂರುಪಾರು ಕಾಫಿ ಗಿಡ, ಹೊಟ್ಟೆಪಾಡಿಗೆ ಎಸ್ಟೇಟಿನ ಕೂಲಿ. ಊರಿನ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತದೆ. ಹೈಸ್ಕೂಲಿಗೆ ಹೋಗಬೇಕಾದರೆ ಎಸ್ಟೇಟ್ ಒಳಗಿನ ದಾರಿಯಲ್ಲಿ ನಡೆದು ರಸ್ತೆ ಸೇರಬೇಕು. ಆ ದಾರಿಯೋ, ಆನೆಗಳದ್ದು. ಹಿಂದಿನ ವರ್ಷ ಅಲ್ಲೇ ಊರಿನ ಒಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು, ಅವರು ಬಿದ್ದು ಕಾಲು ಮುರಿದುಕೊಂಡಿದ್ದರು.

ನಾವು ಮೊದಲು ಹೋದದ್ದು ಲಲಿತಮ್ಮನ ಮನೆಗೆ. ಅವಳ ಮಗಳು ಪವಿತ್ರ ಆ ವರ್ಷ ಏಳನೇ ಕ್ಲಾಸು. ನನ್ನ ಜೊತೆಗಿದ್ದವಳು ಹನ್ನಾ ಎಂಬ ವಿದ್ಯಾರ್ಥಿನಿ, ಯಾವುದೋ ಚಳಿದೇಶದವಳು, ಬೆಳ್ಳಗೆ ಗುಂಡುಗುಂಡಗೆ ಇದ್ದಳು, ನಗು ಬಂದರೆ ತಡೆಯುವುದೇ ಇಲ್ಲ. ಮಾತಿನ ನಡುವೆ ಮುಂದಿನ ವರ್ಷ ಪವಿತ್ರ ಎಲ್ಲಿಗೆ ಎಂದು ಕೇಳಿದಳು. ಉತ್ತರ ಕೊಟ್ಟವಳು ಲಲಿತಮ್ಮನ ಅತ್ತೆ ಪುಟ್ಟಮ್ಮ. "ಎಲ್ಲಿಗೂ ಇಲ್ಲ. ಏಳಕ್ಕೇ ಸಾಕು. ಓದು ಓದು ಅಂತ ಮಗೀನ ಆನೆ ಕಾಲಿಗೆ ಕೊಡಕ್ಕಾಯ್ತದಾ?" ಲಲಿತಮ್ಮನ ಗಂಡ ಹೌದೆಂದು ತಲೆಯಾಡಿಸಿದ. ಮುದುಕಿ ಕೆಟ್ಟವಳಲ್ಲ, ಅವಳ ಹೆದರಿಕೆಯಲ್ಲಿ ತಪ್ಪೂ ಇರಲಿಲ್ಲ.

ಲಲಿತಮ್ಮ ಲೋಟ ತೊಳೆಯುವ ನೆಪದಲ್ಲಿ ನನ್ನನ್ನು ಹಿತ್ತಲಿಗೆ ಕರೆದು, "ಅಕ್ಕ, ನಾನು ನಾಕ್ನೇ ಕ್ಲಾಸಿಗೇ ಬುಟ್ಟೋಳು. ಎಸ್ಟೇಟ್ ರೈಟರ್ ಬರ್ಕಂಡ ಕೂಲಿ ಹಾಜ್ರಿ ಸರಿಯಾಗೈತಾ ಇಲ್ವಾ ಅಂತ ನೋಡಕ್ಕೂ ಬರಾಕಿಲ್ಲ ನಂಗೆ. ಇವ್ಳುದ್ದೂ ಹಿಂಗೇ ಆಗ್ಬುಟ್ರೆ ನಾನ್ ಹೆತ್ತಿದ್ದಾದ್ರೂ ಯಾಕೆ ಹೇಳಿ?" ಎಂದಳು. ಅವಳಿಗೆ ಗೊತ್ತಿಲ್ಲದ, ನನಗೆ ಗೊತ್ತಿದ್ದ ಒಂದು ಸಂಗತಿ ಇತ್ತು. ಹನ್ನಾಳ ಕಾಲೇಜು ಆ ಸಲ ಶಾಲೆಯ ಮಕ್ಕಳಿಗಾಗಿ ಒಂದು ಜೀಪು ಕೊಡಿಸುವುದೆಂದು ಗೊತ್ತುಮಾಡಿತ್ತು. ಒಂದೇ ಜೀಪು, ಎರಡು ಊರು. ಒಂದು ಹೊಸಗದ್ದೆ, ಇನ್ನೊಂದು ನಮ್ಮ ಕೆ. ಹೊಸಕೋಟೆ ಕಡೆಯದು. ವಿದ್ಯಾರ್ಥಿಗಳ ವರದಿಯಲ್ಲಿ ಯಾವುದು ಹೆಚ್ಚು ಬಡ ಊರೋ ಅದಕ್ಕೆ. ಊರವರಿಗೆ ಮಾತ್ರ ತಿಳಿಸಕೂಡದು, ತಿಳಿಸಿದರೆ ಡೇಟಾ ಕೆಡುತ್ತದೆ ಎಂದು ಸರ್ ಅಪ್ಪಣೆ ಮಾಡಿದ್ದರು.

ಲಲಿತಮ್ಮನ ಮನೆಯಲ್ಲಿ ಹನ್ನಾ ಕೂತದ್ದು ಒಂದು ಹಸಿರು ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಬಿಸಿ ಪಾತ್ರೆ ತಗುಲಿ ಅದರ ಒಂದು ಕೈ ಕರಗಿತ್ತು. ಗುಲಾಬಿ ಹೂವಿನ ಪಿಂಗಾಣಿ ಕಪ್ಪಿನಲ್ಲಿ ಸಕ್ಕರೆ ಕಾಫಿ ಬಂತು. ಗೋಡೆಯ ಮೇಲೆ ನವಿಲಿನ ಚಿತ್ರದ ಗಡಿಯಾರ. ಹನ್ನಾ ಮೂರಕ್ಕೂ ಬೆರಳು ಒತ್ತಿದಳು.

ಎರಡನೇ ಮನೆಯಲ್ಲೂ ಹಸಿರು ಕುರ್ಚಿ, ಹೂವಿನ ಕಪ್ಪು, ನವಿಲಿನ ಗಡಿಯಾರ. ಮೂರನೇ ಮನೆಯ ಕುರ್ಚಿಯ ಕೈಯೂ ಕರಗಿತ್ತು. ನನಗೆ ನಗು ಉಕ್ಕಿ ಬಂತು, ಸೆರಗು ಬಾಯಿಗೆ ಒತ್ತಿಕೊಂಡೆ. ನಾಲ್ಕನೇ ಮನೆಯ ಸಾವಿತ್ರಮ್ಮ ನಮ್ಮನ್ನು ಒಳಗೆ ಬಿಡಲೇ ಇಲ್ಲ. ಅಂಗಳದಲ್ಲಿ ನಿಲ್ಲಿಸಿ ಮೆಣಸಿನ ಬಳ್ಳಿ ತೋರಿಸಿದಳು, ಬಾಳೆಗೊನೆ ತೋರಿಸಿದಳು, ಕರು ಹಾಕಿದ ಹಸು ತೋರಿಸಿದಳು. ಹಿತ್ತಲ ಕಡೆ ಕಾಫಿ ಗಿಡಗಳ ನಡುವೆ ಏನೋ ಸರಸರ ಸದ್ದಾಗಿ, ಒಳಗಿನಿಂದ ಯಾರೋ ಕೆಮ್ಮಿದ ಮೇಲೆ, "ಬನ್ನಿ ಬನ್ನಿ, ಒಳಿಕ್ ಬಂದು ಕುಂತ್ಕಳಿ, ನಿಂತೇ ಇದ್ದೀರಲ್ಲ" ಎಂದು ಉಪಚಾರ ಮಾಡಿದಳು. ಒಳಗೆ ಕುರ್ಚಿ ಸಿದ್ಧವಾಗಿತ್ತು. ಗಡಿಯಾರ ಮೊಳೆಯ ಮೇಲೆ ಇನ್ನೂ ಓಲಾಡುತ್ತಿತ್ತು. ಈ ಊರಿನವರಿಗೆಲ್ಲ ನವಿಲು ಎಂದರೆ ಎಷ್ಟು ಪ್ರೀತಿ ಎಂದು ಹನ್ನಾ ನನ್ನ ಕಿವಿಯಲ್ಲಿ ಹೇಳಿದಳು.

ಇದು ಸುಳ್ಳಲ್ಲ, ಮೋಸವಲ್ಲ, ತಿಳಿದುಕೊಳ್ಳಿ. ನಮ್ಮವ್ವನೂ ಮೇಷ್ಟ್ರು ಮನೆಗೆ ಬಂದರೆ ಪಕ್ಕದ ಮನೆಯಿಂದ ಸಕ್ಕರೆ ತಂದೇ ಕಾಫಿ ಮಾಡಿದವಳು. ಬಂದವರನ್ನು ನೆಲದ ಮೇಲೆ ಕೂರಿಸಬಾರದು, ಕರಿ ಲೋಟದಲ್ಲಿ ಕೊಡಬಾರದು. ಒಬ್ಬರ ಮನೆಗೆ ಬಂದರೂ ಊರಿಗೇ ಬಂದ ಹಾಗೆ, ಇದ್ದದ್ದು ಊರಿಗೆಲ್ಲ ಒಂದೇ ಕುರ್ಚಿಯಾದರೆ ಅದೇ ಎಲ್ಲರ ಮನೆಯ ಕುರ್ಚಿ. ಟ್ಯಾಬಿಗೆ ಇದು ಹೇಗೆ ಗೊತ್ತಾಗಬೇಕು? ಸಂಜೆ ಲೆಕ್ಕ ತೆಗೆದರೆ ಹೊಸಗದ್ದೆ ಅನುಕೂಲವಂತರ ಊರು ಎಂದು ಬಂತು. ಜೀಪು ನಮ್ಮೂರ ಕಡೆಗೆ ತಿರುಗಿತು.

ಸರ್ ಹತ್ತಿರ ಹೋಗಿ ಹೇಳಿದೆ. "ವಿದ್ಯಾರ್ಥಿಗಳು ಕಂಡದ್ದನ್ನು ಬರೆದಿದ್ದಾರೆ. ನಿಮ್ಮ ಅನುಮಾನವನ್ನು ಡೇಟಾ ಎನ್ನಲಾಗುವುದಿಲ್ಲ" ಎಂದರು. ಹನ್ನಾಳಿಗೇ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಳಬಹುದಿತ್ತು. ಆದರೆ ಆ ಕುರ್ಚಿ ಮುಚ್ಚಿದ್ದು ಆ ಹೆಂಗಸರ ಮಾನವನ್ನು. ಅದನ್ನು ತೆಗೆಯುವುದಾದರೆ ಅವರೇ ತೆಗೆಯಬೇಕು, ನಾನು ಯಾರು? ಹಾಗೆಂದು ಸುಮ್ಮನೆ ಕೂರುವ ಜಾತಿಯೂ ನನ್ನದಲ್ಲ. ಕೊನೆಯ ದಿನ ವಿದ್ಯಾರ್ಥಿಗಳು ವರದಿಯನ್ನು ಊರವರ ಎದುರೇ ಓದುವುದು ನಮ್ಮ ಕೇಂದ್ರದ ಪದ್ಧತಿ. ಜೀಪಿನ ಮಾತು ಅಲ್ಲಿ ಬೇಡ ಎಂದು ಸರ್ ಹೇಳಿದ್ದರು. ನಾನು ಹನ್ನಾಳನ್ನು ಪಕ್ಕಕ್ಕೆ ಕರೆದು, ತೀರ್ಮಾನ ಮಾಡಿದವರು ಆ ತೀರ್ಮಾನವನ್ನು ಜನರ ಮುಖ ನೋಡಿ ಹೇಳಬೇಕು, ಅದು ಮರ್ಯಾದೆ ಎಂದೆ. ಹುಡುಗಿ ಪ್ರಾಮಾಣಿಕಳು, ಹೌದು ಎಂದು ಒಪ್ಪಿಕೊಂಡಳು.

ಶಾಲೆಯ ಅಂಗಳದಲ್ಲಿ ಸಭೆ. ಊರವರು ಚಾಪೆಯ ಮೇಲೆ, ಸರ್ ಮಾತ್ರ ಕುರ್ಚಿಯ ಮೇಲೆ. ಅವರಿಗೆಂದು ತಂದು ಹಾಕಿದ್ದು ಅದೇ ಹಸಿರು ಕುರ್ಚಿ. ಹನ್ನಾ ಎದ್ದು ನಿಂತು ಇಂಗ್ಲಿಷಿನಲ್ಲಿ ಓದಿದಳು. ಅವತ್ತು ಮಾತ್ರ ನಾನು ಸರ್ ಹೇಳಿದ ಪೈಪೇ ಆದೆ. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. "ಹೊಸಗದ್ದೆಯ ಎಲ್ಲ ಮನೆಗಳಲ್ಲಿ ಕುರ್ಚಿ ಇದೆ, ಗಡಿಯಾರ ಇದೆ, ಪಿಂಗಾಣಿ ಕಪ್ಪು ಇದೆ. ಈ ಊರು ತಕ್ಕಮಟ್ಟಿಗೆ ಅನುಕೂಲವಾಗಿದೆ. ಹೈಸ್ಕೂಲಿಗೆ ಹೋಗುವ ಮಕ್ಕಳಿಗೆಂದು ಇದ್ದ ಜೀಪು ಆದ್ದರಿಂದ ಬೇರೆ ಊರಿಗೆ ಹೋಗುತ್ತದೆ."

ಜೀಪು ಎಂಬ ಮಾತನ್ನು ಅವರು ಕೇಳಿದ್ದು ಅದೇ ಮೊದಲು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊರಿನ ಹಿರಿಯ ತಿಮ್ಮೇಗೌಡರು ಮೀಸೆ ತೀಡಿ, "ಹೌದೌದು, ನಮ್ಗೇನ್ ಕಮ್ಮಿ ಐತೆ ಬುಡಿ. ಇಲ್ದೋರಿಗೆ ಹೋಗ್ಲಿ" ಎಂದರು. ಸಭೆ ಅಲ್ಲಿಗೆ ಮುಗಿದಂತೆಯೇ ಕಂಡಿತು.

ಲಲಿತಮ್ಮ ಎದ್ದು ನಿಂತಳು. ಪುಟ್ಟಮ್ಮ ಅವಳ ಸೆರಗು ಹಿಡಿದು ಜಗ್ಗಿದಳು. ಅವಳು ಕೂರಲಿಲ್ಲ.

"ಆ ಕುರ್ಚಿ ನಂದು ಕಣ್ರೀ" ಎಂದಳು. "ನೀವು ಎಲ್ಲಾರ್ ಮನೇಲೂ ಕುಂತಿದ್ರಲ್ಲ ಹನ್ನಮ್ಮ, ಅದು ನಮ್ಮನೇದು. ಊರಿಗೆಲ್ಲ ಇರದೇ ಅದೊಂದು."

ಅದನ್ನೂ ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ. ಸರ್ ಗಡಬಡಿಸಿ ಕುರ್ಚಿಯಿಂದ ಎದ್ದುಬಿಟ್ಟರು. "ಅಯ್ಯೋ ಕುಂತ್ಕಳಿ ಸಾರ್, ನೀವ್ ಕೂರ್ಲಿ ಅಂತ್ಲೇ ತಂದಿದ್ದು" ಎಂದಳು ಲಲಿತಮ್ಮ. ಅವರು ಮತ್ತೆ ಕೂತರು, ತುದಿಯಲ್ಲಿ.

ಊರಿನ ಮಾನವನ್ನು ಒಬ್ಬಳು ಬೀದಿಗೆ ಹಾಕಿದ್ದಳು, ಎಲ್ಲರೂ ಸೇರಿ ಅವಳ ಮೇಲೆ ಬೀಳುತ್ತಾರೆ ಎಂದುಕೊಂಡೆ. ಆಗ ಸಾವಿತ್ರಮ್ಮ ಕೂತಲ್ಲಿಂದಲೇ, "ಕುರ್ಚಿ ನಿಂದಾದ್ರೆ ಕಪ್ಪು ಯಾರ್ದೇ? ನಮ್ದು! ನನ್ ತಮ್ಮ ಹಾಸನದಿಂದ ತಂದ್ಕೊಟ್ಟಿದ್ದು" ಎಂದಳು. ಹಿಂದಿನಿಂದ ಒಬ್ಬಳು, "ನವಿಲಿನ ಗಡಿಯಾರ ನಮ್ಮನೇದಮ್ಮ, ಮೊಳೆಗೆ ಹಾಕಿ ತೆಗ್ದು ಹಾಕಿ ತೆಗ್ದು ಅದ್ರ ಗಾಜೇ ಸಡ್ಲ ಆಗ್ಬುಡ್ತು" ಎಂದು ಕೂಗಿದಳು. ಸಕ್ಕರೆ ನಮ್ಮದು, ಹಾಲು ನಮ್ಮದು, ಹಾಸಿದ ಜಮಖಾನ ನಮ್ಮದು! ಎರವಲು ತಂದೆವು ಎಂದು ಒಬ್ಬಳಾದರೂ ಹೇಳಲಿಲ್ಲ ನೋಡಿ. ಕೊಟ್ಟವಳು ನಾನು ಎಂದು ಒಬ್ಬೊಬ್ಬಳೂ ಎದೆಯುಬ್ಬಿಸಿ ಹೇಳಿದಳು. ತಿಮ್ಮೇಗೌಡರು ಕೊನೆಗೆ, "ಹಿತ್ಲಲ್ಲಿ ಕುರ್ಚಿ ಹೊತ್ಕಂಡು ಓಡಿದ್ದು ನಾನು ಮಾರಾಯ್ರೇ, ಸೊಂಟ ಬಿದ್ದೋಗೈತೆ" ಎಂದಾಗ ಹನ್ನಾ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ನಮ್ಮ ಲೆಕ್ಕ ಪೂರ್ತಿ ತಪ್ಪು ಎಂದು ಎಲ್ಲರ ಎದುರು ಹೇಳಿದಳು. ಅಷ್ಟು ಓದಿದವಳು ಹಾಗೆ ಹೇಳಿದ್ದಕ್ಕೆ ನನಗೆ ಅವಳ ಮೇಲೆ ಗೌರವ ಬಂತು.

ಬಂಗಲೆಗೆ ವಾಪಸು ಬಂದು ಗೇಟಿನ ಹತ್ತಿರ ಇಳಿಯುವಾಗ ಸರ್, "ಗಿರಿಜಾ, ಜೀಪಿನ ಮಾತು ಹೇಳಬೇಡಿ ಅಂದಿದ್ದೆ" ಎಂದರು. "ನಾನು ಹೇಳಲಿಲ್ಲ ಸರ್. ಆ ಕಡೆ ಹಾಕಿದ್ದು ಈ ಕಡೆ ಬಂತು ಅಷ್ಟೆ" ಎಂದೆ. ಅವರಿಗೆ ನಗು ಬಂದದ್ದನ್ನು ನಾನು ನೋಡಿದೆ.

ಹನ್ನಾ ಎರಡೂ ಊರುಗಳಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಈ ಸಲ ಮನೆಯಲ್ಲಿ ಏನಿದೆ ಎಂದು ನೋಡಲಿಲ್ಲ. ನೆಂಟರು ಬಂದರೆ ಏನೇನು ಯಾರ ಮನೆಯಿಂದ ತರುತ್ತೀರಿ ಎಂದು ಕೇಳಿದಳು. ಆ ಪ್ರಶ್ನೆಗೆ ಜನ ಹಿಗ್ಗಿ ಉತ್ತರ ಕೊಟ್ಟರು, ಏಕೆಂದರೆ ಅದು ನೆಂಟಸ್ತಿಕೆಯ ಮಾತು. ನೀವೂ ಹಾಗೇ ಕೇಳಿ. ಆಮೇಲೆ ಎರಡೂ ಊರಿನ ಮಕ್ಕಳ ಜೊತೆ ಹೈಸ್ಕೂಲಿನ ದಾರಿಯಲ್ಲಿ ನಡೆದಳು. ನಮ್ಮೂರ ಕಡೆಯದು ದೂರವಾದರೂ ಡಾಂಬರು ರಸ್ತೆ, ನಡುವೆ ಬಸ್ಸೂ ಸಿಗುತ್ತದೆ. ಹೊಸಗದ್ದೆಯ ದಾರಿಯಲ್ಲಿ ಬೈನೆ ಮರವೊಂದನ್ನು ಆನೆ ಆಗತಾನೆ ಸೀಳಿ ಹಾಕಿತ್ತು, ಪಕ್ಕದಲ್ಲಿ ಲದ್ದಿ ಇನ್ನೂ ಹಬೆಯಾಡುತ್ತಿತ್ತು. ಪವಿತ್ರ ಹನ್ನಾಳ ಕೈ ಹಿಡಿದು, ಮಾತಾಡಬೇಡ ಎಂದು ತುಟಿಯ ಮೇಲೆ ಬೆರಳಿಟ್ಟಳು. ಆನೆ ಆ ಕಡೆ ಇದೆ, ಹುಷಾರು ಎಂದು ಅರಣ್ಯ ಇಲಾಖೆಯ ಸಂದೇಶ ನನ್ನ ಮೊಬೈಲಿಗೆ ಬಂದದ್ದು ನಾವು ರಸ್ತೆ ಸೇರಿದ ಮೇಲೆ.

ಜೀಪು ಹೊಸಗದ್ದೆಗೇ ಎಂದಾಯಿತು. ನಮ್ಮೂರ ಕಡೆಯವರು ಇವತ್ತಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ, ತವರಿನ ಋಣ ಇಲ್ಲದವಳು ಎನ್ನುತ್ತಾರೆ. ಅನ್ನಲಿ. ಈ ಕೆಲಸಕ್ಕೆ ಬಂದ ಮೇಲೆ ಎಲ್ಲರಿಗೂ ಒಳ್ಳೆಯವರಾಗಿರಲು ಆಗುವುದಿಲ್ಲ.

ಲಲಿತಮ್ಮನ ಮನೆಯಲ್ಲಿ ಮಾತ್ರ ಬೇರೆಯೇ ಆಗಿತ್ತು. ಬೇಸಗೆಯಲ್ಲಿ ಒಮ್ಮೆ ಹೋದಾಗ ಹೇಳಿಕೊಂಡು ಅತ್ತಳು. ಸಭೆಯ ದಿನದಿಂದ ಪುಟ್ಟಮ್ಮ ಸೊಸೆಯ ಜೊತೆ ಮಾತು ಬಿಟ್ಟಿದ್ದಳು. "ಹತ್ತು ಜನ್ರ ಮುಂದೆ ನಿಂತ್ಕಂಡು ಮಾತಾಡ್ದೋಳು" ಎಂದು ಮಗನ ಹತ್ತಿರ ಒಂದೇ ಮಾತು ಆಡಿದ್ದಳಂತೆ, ಆಮೇಲೆ ಅದೂ ಇಲ್ಲ. ಸೊಸೆ ಬಡಿಸಿದರೆ ಉಣ್ಣುತ್ತಾಳೆ, ಆದರೆ ಅನ್ನ ಬೇಕು, ಸಾಕು ಎನ್ನುವುದೂ ಕೈಸನ್ನೆಯಲ್ಲಿ. ಜೀಪು ಬಂದರೂ ಮುದುಕಿ ಹೂಂ ಅನ್ನದೆ ಗಂಡ ಮಗಳನ್ನು ಕಳಿಸುವವನಲ್ಲ, ನಾನು ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲಕ್ಕ ಎಂದು ಲಲಿತಮ್ಮ ಹಲುಬಿದಳು.

ಶಾಲೆ ತೆರೆದ ದಿನ ಬೆಳಗ್ಗೆ ನಾನೂ ಹೋಗಿದ್ದೆ. ಜಿಟಿಜಿಟಿ ಮಳೆ. ಜೀಪು ಬಂದು ಹಾರ್ನ್ ಮಾಡಿತು. ಊರಿನ ಮಕ್ಕಳೆಲ್ಲ ನುಗ್ಗಿ ಹತ್ತಿದವು, ಪವಿತ್ರ ಮಾತ್ರ ಕಾಣಲಿಲ್ಲ. ಲಲಿತಮ್ಮ ದಾರಿಯಂಚಿನಲ್ಲಿ ಕಲ್ಲಿನ ಹಾಗೆ ನಿಂತಿದ್ದಳು. ಡ್ರೈವರ್ ಇನ್ನೊಮ್ಮೆ ಹಾರ್ನ್ ಮಾಡಿದ. ಆಮೇಲೆ ಮನೆಯ ಕಡೆಯಿಂದ ಪುಟ್ಟಮ್ಮ ಬಂದಳು, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮೊಮ್ಮಗಳ ರಟ್ಟೆ. ಪವಿತ್ರಳ ಜಡೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದಳು, ತಡವಾದದ್ದು ಅದಕ್ಕೆ. ಹುಡುಗಿಯನ್ನು ಮುಂದಿನ ಸೀಟಿಗೆ ಹತ್ತಿಸಿ, "ನಿಧಾನಕ್ಕೆ ಓಡ್ಸಪ್ಪ, ಒಂದೇ ಮಗು ಇರದು ನಮ್ಮನೇಲಿ" ಎಂದು ಡ್ರೈವರಿಗೆ ಹೇಳಿದಳು.

ಜೀಪು ಎಸ್ಟೇಟಿನ ಗೇಟು ದಾಟಿ ಮರೆಯಾಯಿತು. ಲಲಿತಮ್ಮನಿಗೆ ತಡೆಯಲಾಗಲಿಲ್ಲ, ಮಳೆಯಲ್ಲಿ ನಿಂತು ಗಟ್ಟಿಯಾಗಿ ಅತ್ತುಬಿಟ್ಟಳು. ಪುಟ್ಟಮ್ಮ ಹತ್ತಿರ ಹೋಗಿ ಕೊಡೆಯನ್ನು ಸೊಸೆಯ ತಲೆಯ ಮೇಲೆ ಹಿಡಿದಳು.

"ಸಂಜಿಗೆ ಬತ್ತಾಳೆ ಕಣೇ, ಅಳ್ಬ್ಯಾಡ" ಎಂದಳು. "ನಡಿ, ಕೆಲ್ಸಕ್ಕೆ ಹೊತ್ತಾಯ್ತು."